ವಿಕ್ಟೋರಿಯಾ ಜಲಪಾತದ ಸುತ್ತ ಐಷಾರಾಮಿ ಸಫಾರಿ: ಮೊದಲು ತಿಂಗಳು, ಆಮೇಲೆ ಲಾಡ್ಜ್

ಆಫ್ರಿಕಾದ ಜಾಂಬಿಯಾ-ಜಿಂಬಾಬ್ವೆ ಗಡಿಯಲ್ಲಿರುವ ವಿಕ್ಟೋರಿಯಾ ಜಲಪಾತವೂ ಅದರ ಸುತ್ತಲಿನ ಕಾಡೂ ಒಂದೇ ಹೊತ್ತಿಗೆ ಕಳೆಗಟ್ಟುವುದಿಲ್ಲ. ಜಲಪಾತ ಮೈದುಂಬಿದಾಗ ಕಾಡಿನಲ್ಲಿ ಹುಲ್ಲು ಆಳೆತ್ತರ ಬೆಳೆದಿರುತ್ತದೆ, ಪ್ರಾಣಿಗಳು ಚದುರಿಹೋಗಿರುತ್ತವೆ. ಪ್ರಾಣಿಗಳು ನೀರಿನ ಹೊಂಡಗಳಿಗೆ ಮುಗಿಬೀಳುವ ಹೊತ್ತಿಗೆ ಜಲಪಾತದ ದೊಡ್ಡದೊಂದು ಭಾಗ ಬರಿಯ ಕಪ್ಪು ಬಂಡೆ. ಲಕ್ಷಗಟ್ಟಲೆ ಸುರಿದು ಹೋಗಿ ಬೇಸರದಿಂದ ಮರಳುವವರು ಹೆಚ್ಚಾಗಿ ಎಡವುವುದು ಇಲ್ಲೇ. ರಜೆ ಸಿಕ್ಕ ತಿಂಗಳಿಗೆ ಟಿಕೆಟ್ ಮಾಡಿಸಿ, ಎರಡೂ ಸಿಗುತ್ತದೆ ಎಂದುಕೊಂಡಿರುತ್ತಾರೆ. ಎರಡರಲ್ಲಿ ಯಾವುದು ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ ಎಂದು ಮನೆಯವರೆಲ್ಲ ಕೂತು ಮೊದಲು ತೀರ್ಮಾನಿಸಿ. ಲಾಡ್ಜಿನ ಫೋಟೊ ನೋಡುವುದು ಆಮೇಲಾಯಿತು.

ಯಾವ ತಿಂಗಳು?

ಜೋಗದಲ್ಲಿ ಮಳೆ ಜೋರಾದಾಗ ಧಾರೆಯೂ ಜೋರು. ಇಲ್ಲಿನ ಲೆಕ್ಕ ಬೇರೆ. ಜಾಂಬೆಜಿ ನದಿಯ ಪ್ರವಾಹ ಬರುವುದು ದೂರದ ವಾಯವ್ಯ ಜಾಂಬಿಯಾ ಮತ್ತು ಅಂಗೋಲಾದ ಎತ್ತರದ ಪ್ರದೇಶಗಳಿಂದ. ಅಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸುರಿದ ನೀರು ಬರೋತ್ಸೆ ಬಯಲಿನಲ್ಲಿ ಹರಡಿಕೊಂಡು, ತಂಗಿ, ವಾರಗಟ್ಟಲೆ ತಡವಾಗಿ ಕೆಳಗಿಳಿಯುತ್ತದೆ. ಹಾಗಾಗಿ ಜಲಪಾತದ ಬಳಿ ಮಳೆಗಾಲ ಮುಗಿದ ಮೇಲೆ, ಏಪ್ರಿಲ್ ಆಸುಪಾಸಿನಲ್ಲಿ, ಹರಿವು ತುತ್ತತುದಿಗೇರುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲಿ ತೀರಾ ಇಳಿಯುತ್ತದೆ.

ಮಾರ್ಚ್‌ನಿಂದ ಮೇ ಮೊದಲ ಭಾಗದವರೆಗೆ ಹೋದರೆ 1,708 ಮೀಟರ್ ಅಗಲದ, ಸುಮಾರು 108 ಮೀಟರ್ ಎತ್ತರದ ನೀರಿನ ಪರದೆ ಇಡಿಯಾಗಿ ಇರುತ್ತದೆ, ನಿಜ. ಆದರೆ ಎದುರು ನಿಂತವರಿಗೆ ಅದು ಕಾಣಿಸುವುದೇ ಕಷ್ಟ! ಹನಿಯ ಮೋಡ ನೂರಾರು ಮೀಟರ್ ಮೇಲೆದ್ದು ಮಳೆಯಂತೆ ಸುರಿಯುತ್ತಿರುತ್ತದೆ; ಕಿವಿಗೆ ಮೊರೆತ, ಕಣ್ಣಿಗೆ ಬಿಳಿ ಗೋಡೆ. ಈ ತಿಂಗಳುಗಳಲ್ಲಿ ಹೋಗುವವರು ಹೆಲಿಕಾಪ್ಟರ್ ಹಾರಾಟವನ್ನು ಬಜೆಟ್‌ನಿಂದ ಕೈಬಿಡಬಾರದು.

ಜೂನ್-ಜುಲೈಯಲ್ಲಿ ಹರಿವು ಸಾಕಷ್ಟಿದ್ದು ಹನಿಯ ಮೋಡ ತೆಳುವಾಗುತ್ತದೆ, ಹುಲ್ಲು ಒಣಗತೊಡಗುತ್ತದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಪ್ರಾಣಿವೀಕ್ಷಣೆ ಬಹಳ ಚೆನ್ನ, ಜಿಂಬಾಬ್ವೆ ಬದಿಯಲ್ಲಿ ನೀರೂ ಇರುತ್ತದೆ. ಅಕ್ಟೋಬರ್‌ನಲ್ಲಿ ಆನೆಗಳ ಹಿಂಡು ನೋಡಿದಷ್ಟೂ ಮುಗಿಯುವುದಿಲ್ಲ. ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ ಎಂಬುದನ್ನು ಕರಪತ್ರಗಳು ಸಣ್ಣ ಅಕ್ಷರದಲ್ಲಿ ಹೇಳುತ್ತವೆ. ಡಿಸೆಂಬರ್-ಜನವರಿಯಲ್ಲಿ ಕಾಡು ಹಸಿರು, ಹಕ್ಕಿಗಳು ಹೇರಳ, ದರ ಕಡಿಮೆ. ಹಕ್ಕಿ ನೋಡುವವರಿಗೆ ಬಿಟ್ಟರೆ ಮೊದಲ ಸಲ ಹೋಗುವವರಿಗೆ ಅದು ಹೇಳಿಮಾಡಿಸಿದ ಕಾಲವಲ್ಲ.

ನಮ್ಮ ಸಲಹೆ: ಜಲಪಾತವೇ ಮುಖ್ಯವಾದರೆ ಜೂನ್ ಮಧ್ಯದಿಂದ ಜುಲೈ ಮಧ್ಯ, ಪ್ರಾಣಿಗಳೇ ಮುಖ್ಯವಾದರೆ ಸೆಪ್ಟೆಂಬರ್. ಮಕ್ಕಳ ಶಾಲಾ ರಜೆಗೆ ಕಟ್ಟುಬಿದ್ದವರು ಏಪ್ರಿಲ್ ಬಿಟ್ಟು ಮೇ ಕೊನೆಯ ವಾರ ಹಿಡಿಯಲಿ. ದಸರಾ ರಜೆಯಲ್ಲಿ ಹೋಗುವುದಾದರೆ ಜಿಂಬಾಬ್ವೆ ಬದಿಯಲ್ಲೇ ತಂಗಬೇಕು. ಏಕೆಂದರೆ ಈಸ್ಟರ್ನ್ ಕ್ಯಾಟರಾಕ್ಟ್ ಎಂಬ ಜಾಂಬಿಯಾ ಬದಿಯ ಧಾರೆ ಅಷ್ಟರಲ್ಲಿ ಬಹುತೇಕ ಬತ್ತಿರುತ್ತದೆ. ಡೆವಿಲ್ಸ್ ಕ್ಯಾಟರಾಕ್ಟ್ ಮತ್ತು ಮುಖ್ಯ ಧಾರೆ ವರ್ಷವಿಡೀ ಹರಿಯುತ್ತವೆ. ಅವೆರಡೂ ಚೆನ್ನಾಗಿ ಕಾಣುವುದು ಜಿಂಬಾಬ್ವೆಯಿಂದ.

ಯಾವ ದಡ, ಎಂಥ ವಸತಿ?

ಜಲಪಾತದ ನೋಟದ ಮುಕ್ಕಾಲು ಪಾಲು ಜಿಂಬಾಬ್ವೆಯ ದಡದಿಂದ ಸಿಗುತ್ತದೆ. ವಿಕ್ಟೋರಿಯಾ ಫಾಲ್ಸ್ ಊರಿನಿಂದ ಉದ್ಯಾನದ ಬಾಗಿಲಿಗೆ ನಡೆದೇ ಹೋಗಬಹುದು. ಜಾಂಬಿಯಾದ ಕಡೆ ಲಿವಿಂಗ್‌ಸ್ಟನ್ ಊರು ಜಲಪಾತದಿಂದ ಸುಮಾರು 10 ಕಿಲೋಮೀಟರ್ ದೂರ. ಹಾಗೆಂದು ಜಾಂಬಿಯಾವನ್ನು ತಳ್ಳಿಹಾಕಬೇಡಿ. ಧಾರೆಗೆ ತೀರಾ ಹತ್ತಿರ ಹೋಗುವ ನೈಫ್ ಎಡ್ಜ್ ಸೇತುವೆ, ನೀರಿಳಿದಾಗ ಲಿವಿಂಗ್‌ಸ್ಟನ್ ದ್ವೀಪ, ಜಲಪಾತದ ಅಂಚಿನಲ್ಲೇ ಇಳಿಯಬಹುದಾದ ಡೆವಿಲ್ಸ್ ಪೂಲ್ ಎಲ್ಲವೂ ಆ ಕಡೆಯವು. ಮೋಸಿ-ಓಆ-ತುನ್ಯಾ ರಾಷ್ಟ್ರೀಯ ಉದ್ಯಾನದಲ್ಲಿ ಕಾವಲುಗಾರರ ಜೊತೆ ಕಾಲ್ನಡಿಗೆಯಲ್ಲಿ ಬಿಳಿ ಘೇಂಡಾಮೃಗಗಳನ್ನೂ ನೋಡಬಹುದು.

ಐಷಾರಾಮಿ ವಸತಿಯಲ್ಲಿ ಎರಡು ಬಗೆ. ಒಂದು, ಜಲಪಾತಕ್ಕೆ ಅಂಟಿಕೊಂಡ ಹೋಟೆಲ್‌ಗಳು. 1904ರಲ್ಲಿ ಶುರುವಾದ ವಿಕ್ಟೋರಿಯಾ ಫಾಲ್ಸ್ ಹೋಟೆಲಿನ ಜಗಲಿಯಿಂದ ಸೇತುವೆಯೂ ಮೇಲೇಳುವ ಹನಿಯ ಮೋಡವೂ ಕಾಣುತ್ತವೆ. ಜಾಂಬಿಯಾದ ರಾಯಲ್ ಲಿವಿಂಗ್‌ಸ್ಟನ್‌ನಿಂದ ಜಲಪಾತದ ಉದ್ಯಾನಕ್ಕೆ ನೇರ ದಾರಿಯಿದೆ, ಹುಲ್ಲುಹಾಸಿನ ಮೇಲೆ ಜೀಬ್ರಾಗಳು ಮೇಯುತ್ತಿರುತ್ತವೆ. ಇನ್ನೊಂದು, ನದಿಯ ಮೇಲ್ಭಾಗದ ದಡದಲ್ಲಿ ಇಪ್ಪತ್ತು-ಮೂವತ್ತು ಮಂದಿಗಷ್ಟೇ ಜಾಗವಿರುವ ಲಾಡ್ಜ್‌ಗಳು: ಮಟೆಟ್ಸಿ, ಟೊಂಗಾಬೆಜಿ, ರಾಯಲ್ ಚುಂಡು ಇಂಥವು. ಇಲ್ಲಿ ಕೋಣೆಯೆದುರೇ ನೀರಾನೆ ಕೂಗುತ್ತದೆ, ಊಟ-ದೋಣಿವಿಹಾರ ದರದಲ್ಲೇ ಸೇರಿರುತ್ತದೆ. ಆದರೆ ಜಲಪಾತಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ಕೆಲವೆಡೆ ಇನ್ನೂ ಹೆಚ್ಚು, ವಾಹನದಲ್ಲಿ ಹೋಗಬೇಕು. ಒಂದೇ ರಾತ್ರಿ ತಂಗುವವರಿಗೆ ನದಿಯಂಚಿನ ಲಾಡ್ಜ್ ದಂಡ. ಮೂರು ರಾತ್ರಿ ಇದ್ದರೆ ಅದೇ ಸರಿ.

ದರ ಒಬ್ಬರಿಗೆ, ಒಂದು ರಾತ್ರಿಗೆ ಎಂದು ಹೇಳುತ್ತಾರೆ, ಕೋಣೆಗೆ ಅಲ್ಲ. ಭಾರತದ ಹೋಟೆಲ್ ಲೆಕ್ಕಕ್ಕೆ ಒಗ್ಗಿದವರು ಇಲ್ಲಿ ಬಜೆಟ್ ಲೆಕ್ಕವನ್ನು ಅರ್ಧಕ್ಕೆ ಅರ್ಧ ತಪ್ಪುತ್ತಾರೆ. ಒಳ್ಳೆಯ ನದಿದಡದ ಲಾಡ್ಜ್‌ಗೆ ತಲೆಗೆ 500ರಿಂದ 1,200 ಅಮೆರಿಕನ್ ಡಾಲರ್ ಇಟ್ಟುಕೊಳ್ಳಿ. ಕಾಡಿನೊಳಗಿನ ಶಿಬಿರಗಳು ಅದಕ್ಕಿಂತ ಮೇಲೆ. ಒಬ್ಬರೇ ಹೋಗುವುದಾದರೆ ಹೆಚ್ಚುವರಿ ಶುಲ್ಕವಿದೆ. ‘ಎಲ್ಲವೂ ಸೇರಿ’ ಎಂದರೂ ಜಲಪಾತದ ಪ್ರವೇಶ ಶುಲ್ಕ, ಹೆಲಿಕಾಪ್ಟರ್, ಡೆವಿಲ್ಸ್ ಪೂಲ್, ವೀಸಾ, ಟಿಪ್ಸ್, ದುಬಾರಿ ವೈನ್ ಸಾಮಾನ್ಯವಾಗಿ ಹೊರಗೇ ಉಳಿಯುತ್ತವೆ. ಏನೇನು ಸೇರಿಲ್ಲ ಎಂಬ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಸಫಾರಿಗೆ ಎಲ್ಲಿ?

ಜಲಪಾತದ ಬಳಿಯೇ ಒಂದಿಷ್ಟು ಪ್ರಾಣಿಗಳು ಸಿಗುತ್ತವೆ, ಆದರೆ ಸಫಾರಿಗೆಂದು ದುಡ್ಡು ಕೊಡುವವರು ಹ್ವಾಂಗೆ ಅಥವಾ ಚೋಬೆಗೆ ಹೋಗಲೇಬೇಕು. ಬಿಡುವಿದ್ದರೆ ಎರಡಕ್ಕೂ.

ಹ್ವಾಂಗೆ ಜಿಂಬಾಬ್ವೆಯ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ, 14,600 ಚದರ ಕಿಲೋಮೀಟರ್‌ಗೂ ಮಿಕ್ಕ ವಿಸ್ತೀರ್ಣ. ಬಹುಭಾಗದಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ದಶಕಗಳಿಂದ ಕೊಳವೆಬಾವಿ ಕೊರೆದು, ಹಿಂದೆ ಡೀಸೆಲ್ ಈಗ ಹೆಚ್ಚಾಗಿ ಸೌರಶಕ್ತಿಯ ಪಂಪಿನಿಂದ ನೀರೆತ್ತಿ ಹೊಂಡಗಳಿಗೆ ತುಂಬಿಸುತ್ತಾರೆ. ಒಣಗಾಲದಲ್ಲಿ ಪ್ರಾಣಿಗಳಿಗೆ ಬೇರೆ ದಾರಿಯೇ ಇಲ್ಲ. ಸಂಜೆ ನಾಲ್ಕರ ಮೇಲೆ ಒಂದು ಹೊಂಡದ ಬಳಿ ಎಂಜಿನ್ ಆರಿಸಿ ಕೂತರೆ ಸಾಕು, ಆನೆಗಳು ತಂಡ ತಂಡವಾಗಿ ಬರುತ್ತವೆ. ದೊಡ್ಡ ಆನೆಗಳು ಹೊಂಡದ ಕಲಕು ನೀರು ಬಿಟ್ಟು, ಪಂಪಿನ ಕೊಳವೆಯಿಂದ ಶುದ್ಧ ನೀರು ಬೀಳುವ ಜಾಗಕ್ಕೇ ಸೊಂಡಿಲು ಚಾಚುತ್ತವೆ. ಆ ಜಾಗಕ್ಕಾಗಿ ನೂಕಾಟ ನಡೆಯುತ್ತದೆ. ಒಳ್ಳೆಯ ಗೈಡ್ ಗಾಡಿಯನ್ನು ಕೊಳವೆಯ ಬಾಯಿ ಕಾಣುವಂತೆ ನಿಲ್ಲಿಸುತ್ತಾನೆ.

ಶಿಬಿರ ಆರಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ: ಅದು ಉದ್ಯಾನದ ಸಾಮಾನ್ಯ ಪ್ರದೇಶದಲ್ಲಿದೆಯೋ, ಗುತ್ತಿಗೆಗೆ ಪಡೆದ ಖಾಸಗಿ ಕನ್ಸೆಶನ್‌ನಲ್ಲಿದೆಯೋ? ಸಾಮಾನ್ಯ ಪ್ರದೇಶದಲ್ಲಿ ರಸ್ತೆ ಬಿಟ್ಟು ಇಳಿಯುವಂತಿಲ್ಲ, ಕತ್ತಲಾದ ಮೇಲೆ ಸುತ್ತುವಂತಿಲ್ಲ. ಕನ್ಸೆಶನ್‌ಗಳಲ್ಲಿ ವಾಹನಗಳು ಕಡಿಮೆ, ನಿಯಮ ಸಡಿಲ. ಹೆಚ್ಚು ದುಡ್ಡು ಕೊಡುವುದು ಮೆತ್ತನೆ ಹಾಸಿಗೆಗಿಂತ ಇದಕ್ಕಾಗಿ. ಇನ್ನೆರಡು ಪ್ರಶ್ನೆ: ಒಂದು ಗಾಡಿಗೆ ಎಷ್ಟು ಜನ (ಆರಕ್ಕಿಂತ ಹೆಚ್ಚಾದರೆ ಮಧ್ಯದ ಸೀಟು ಯಾರಿಗಾದರೂ ಬಂದೇ ಬರುತ್ತದೆ), ಮತ್ತು ಗೈಡ್‌ಗೆ ‘ಪ್ರೊಫೆಷನಲ್ ಗೈಡ್’ ಪರವಾನಗಿ ಇದೆಯೇ? ಜಿಂಬಾಬ್ವೆಯಲ್ಲಿ ಈ ಪರವಾನಗಿಗೆ ವರ್ಷಗಟ್ಟಲೆ ಕಲಿತು, ಲಿಖಿತ ಮತ್ತು ಕಾಡಿನ ಪರೀಕ್ಷೆ ಎರಡನ್ನೂ ದಾಟಬೇಕು. ಕಾಲ್ನಡಿಗೆ ಸಫಾರಿ ಮಾಡುವ ಆಸೆಯಿದ್ದರೆ ಅಂಥವರೇ ಬೇಕು.

ಬೋಟ್ಸ್ವಾನಾದ ಚೋಬೆ ರಾಷ್ಟ್ರೀಯ ಉದ್ಯಾನ ಇನ್ನೊಂದು ಬಗೆ. ವಿಕ್ಟೋರಿಯಾ ಫಾಲ್ಸ್ ಊರಿನಿಂದ ಕಾಜುಂಗುಲಾ ಗಡಿ ದಾಟಿ ಚೋಬೆಯ ಬಾಗಿಲಿನ ಊರಾದ ಕಸಾನೆಗೆ ಸುಮಾರು 80 ಕಿಲೋಮೀಟರ್. ಇಲ್ಲಿನ ಸೊಗಸು ದೋಣಿಯಲ್ಲಿದೆ: ಸಂಜೆ ಆನೆಗಳು ಸೊಂಡಿಲನ್ನಷ್ಟೇ ಮೇಲೆತ್ತಿಕೊಂಡು ಚೋಬೆ ನದಿಯ ನಡುವಿನ ಸೆಡುಡು ದ್ವೀಪಕ್ಕೆ ಈಜುತ್ತವೆ. (ಈ ದ್ವೀಪಕ್ಕಾಗಿ ನಮೀಬಿಯಾ-ಬೋಟ್ಸ್ವಾನಾ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಗಿ, 1999ರಲ್ಲಿ ಬೋಟ್ಸ್ವಾನಾ ಗೆದ್ದಿತು. ಆನೆಗಳು ಮೊದಲಿನಂತೆಯೇ ಈಜುತ್ತಿವೆ.) ದೊಡ್ಡ ಎರಡಂತಸ್ತಿನ ದೋಣಿ ಬೇಡವೆಂದು ಸ್ಪಷ್ಟವಾಗಿ ಹೇಳಿ, ಹತ್ತು ಜನರೊಳಗಿನ ಚಿಕ್ಕ ದೋಣಿ ಕೇಳಿ, ಅದು ದಡದ ಹತ್ತಿರಕ್ಕೆ ಹೋಗುತ್ತದೆ, ಕ್ಯಾಮೆರಾ ಪ್ರಾಣಿಯ ಕಣ್ಣಿನ ಮಟ್ಟಕ್ಕಿರುತ್ತದೆ. ನದಿದಡದ ರಸ್ತೆಗಳಲ್ಲಿ ಮಾತ್ರ ಒಣಗಾಲದಲ್ಲಿ ಗಾಡಿಗಳ ಸಾಲು. ಒಂದು ದಿನದ ಪ್ರವಾಸವಾಗಿಯೂ ಚೋಬೆ ನೋಡಬಹುದು, ಆದರೆ ಬೆಳಗ್ಗಿನ ಮತ್ತು ಇಳಿಹೊತ್ತಿನ ಒಳ್ಳೆಯ ಬೆಳಕೆಲ್ಲ ಗಡಿಯ ಸಾಲಿನಲ್ಲೇ ಕಳೆದುಹೋಗುತ್ತದೆ.

ಗಡಿಯಲ್ಲಿ ಒಂದು ವಿಚಿತ್ರ ನಿಯಮಕ್ಕೆ ಸಿದ್ಧರಾಗಿರಿ. ಕಾಲುಬಾಯಿ ರೋಗ ತಡೆಗೆಂದು ಬೋಟ್ಸ್ವಾನಾದಲ್ಲಿ ಔಷಧದಲ್ಲಿ ತೊಯ್ದ ಚಾಪೆಯ ಮೇಲೆ ಬೂಟು ಒತ್ತಬೇಕು. ಕೆಲವೊಮ್ಮೆ ಚೀಲದೊಳಗಿನ ಬೂಟನ್ನೂ ತೆಗೆಸುತ್ತಾರೆ. ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ದಾರಿಗೆಂದು ಕಟ್ಟಿಕೊಂಡ ಪೇಡ ಅಲ್ಲೇ ಉಳಿಯಬಹುದು.

ದಿನಗಳ ಹಂಚಿಕೆ

ಒಂಬತ್ತು ರಾತ್ರಿಗಳ ಒಂದು ಹದವಾದ ಜೋಡಣೆ: ಜಲಪಾತದ ಬಳಿ ಎರಡು, ಹ್ವಾಂಗೆಯಲ್ಲಿ ಮೂರು, ಚೋಬೆಯಲ್ಲಿ ಮೂರು, ಮರಳಿ ಜಲಪಾತದ ಊರಿನಲ್ಲಿ ಒಂದು. ಮೊದಲೆರಡು ರಾತ್ರಿ ಊರಿನಲ್ಲಿರುವುದಕ್ಕೆ ಕಾರಣವಿದೆ. ವಿಮಾನ ತಪ್ಪಿದರೆ, ಸಾಮಾನು ಹಿಂದುಳಿದರೆ, ಸರಿಪಡಿಸಿಕೊಳ್ಳಲು ಅಲ್ಲಿ ಅವಕಾಶವಿದೆ; ಕಾಡಿನ ಶಿಬಿರಕ್ಕೆ ನಿಮ್ಮ ಪೆಟ್ಟಿಗೆ ಒಂದು ದಿನ ತಡವಾಗಿ ಬಂದರೆ ಅಷ್ಟರಲ್ಲಿ ನೀವು ಮುಂದಿನ ಶಿಬಿರಕ್ಕೆ ಹೋಗಿರುತ್ತೀರಿ. ಕೊನೆಯ ರಾತ್ರಿ ಊರಿನಲ್ಲಿರುವುದೂ ಇದೇ ಲೆಕ್ಕದಿಂದ. ಚಿಕ್ಕ ವಿಮಾನಗಳ ವೇಳೆ ಹಿಂದಿನ ಸಂಜೆಯಷ್ಟೇ ಖಚಿತವಾಗುತ್ತದೆ. ಅದೇ ದಿನದ ಅಂತರರಾಷ್ಟ್ರೀಯ ವಿಮಾನವನ್ನು ಅದಕ್ಕೆ ಗಂಟುಹಾಕಬಾರದು.

ಈ ಕೊನೆಯ ರಾತ್ರಿ ಬಿಟ್ಟರೆ ಎಲ್ಲಿಯೂ ಎರಡು ರಾತ್ರಿಗಿಂತ ಕಡಿಮೆ ಬೇಡ. ಎರಡು ರಾತ್ರಿ ಎಂದರೆ ಪೂರ್ತಿ ಒಂದೇ ದಿನ. ಹ್ವಾಂಗೆಗೆ ರಸ್ತೆಯಲ್ಲೂ ಹೋಗಬಹುದು, ಆದರೆ ಬುಲವಾಯೊ ಹೆದ್ದಾರಿಯನ್ನು ಕಲ್ಲಿದ್ದಲು ಲಾರಿಗಳು ಹಾಳುಗೆಡವಿವೆ. ಪೂರ್ವದ ತುದಿಯ ಶಿಬಿರಗಳಿಗೆ ವಿಮಾನವೇ ವಾಸಿ.

ವೀಸಾ, ವಿಮಾನ

ಮೂರು ದೇಶ, ಮೂರು ನಿಯಮ. ಜಾಂಬಿಯಾ-ಜಿಂಬಾಬ್ವೆ ಎರಡಕ್ಕೂ ನಡೆಯುವ ಕಾಜಾ ಯೂನಿವೀಸಾ ಎಂಬುದೊಂದಿದೆ. ಶುಲ್ಕ 50 ಡಾಲರ್, 30 ದಿನ ಊರ್ಜಿತ. ಎರಡು ದೇಶಗಳ ನಡುವೆ ಎಷ್ಟು ಸಲವಾದರೂ ಓಡಾಡಬಹುದು, ಕಾಜುಂಗುಲಾ ಮೂಲಕ ಬೋಟ್ಸ್ವಾನಾಕ್ಕೆ ಹೋಗಿ ಅದೇ ದಿನ ಮರಳಬಹುದು. ಬೋಟ್ಸ್ವಾನಾದಲ್ಲಿ ರಾತ್ರಿ ತಂಗಿದರೆ ಈ ಅನುಕೂಲ ಇಲ್ಲ. ಎಲ್ಲ ದೇಶಗಳ ಪಾಸ್‌ಪೋರ್ಟ್‌ಗೂ ಇದು ಸಿಗುವುದಿಲ್ಲ. ಬೆಂಗಳೂರಿನ ತಂದೆ-ತಾಯಿ ಭಾರತದ ಪಾಸ್‌ಪೋರ್ಟ್‌ನಲ್ಲೂ ಮಕ್ಕಳು ಅಮೆರಿಕದ ಪಾಸ್‌ಪೋರ್ಟ್‌ನಲ್ಲೂ ಹೊರಡುವ ಕುಟುಂಬಗಳು ಒಬ್ಬೊಬ್ಬರ ನಿಯಮವನ್ನೂ ಮೂರು ದೇಶಗಳ ವಲಸೆ ಇಲಾಖೆಯ ತಾಣದಲ್ಲಿ ಬೇರೆ ಬೇರೆಯಾಗಿ ನೋಡಲೇಬೇಕು. ಪಾಸ್‌ಪೋರ್ಟ್ ಮರಳಿದ ಮೇಲೂ ಆರು ತಿಂಗಳು ಊರ್ಜಿತವಿರಲಿ, ದೇಶಕ್ಕೆರಡರಂತೆ ಖಾಲಿ ಪುಟವಿರಲಿ. ಹದಿನೆಂಟರೊಳಗಿನ ಮಕ್ಕಳಿಗೆ ತಂದೆ-ತಾಯಿಯ ಹೆಸರಿರುವ ಜನನ ಪ್ರಮಾಣಪತ್ರ ಬೇಕು. ಒಬ್ಬರೇ ಪೋಷಕರು ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆಯ ಪ್ರಮಾಣಪತ್ರವೂ.

ಬೆಂಗಳೂರಿನಿಂದ ಆಡಿಸ್ ಅಬಾಬಾ ಮಾರ್ಗ ಸರಳ. ಮುಂಬೈಯಿಂದ ನೈರೋಬಿ ಮಾರ್ಗವೂ ಇದೆ. ಜೊಹಾನೆಸ್‌ಬರ್ಗ್ ಮೂಲಕ ಹೋಗುವವರು ಇಡೀ ಪ್ರಯಾಣವನ್ನು ಒಂದೇ ಟಿಕೆಟ್‌ನಲ್ಲಿ ಮಾಡಿಸಬೇಕು. ದುಡ್ಡು ಉಳಿಸಲೆಂದು ಎರಡು ಬೇರೆ ಟಿಕೆಟ್ ಮಾಡಿಸಿದರೆ ಸಾಮಾನು ತೆಗೆದುಕೊಳ್ಳಲು ಹೊರಬರಬೇಕಾಗುತ್ತದೆ, ಅದಕ್ಕೆ ದಕ್ಷಿಣ ಆಫ್ರಿಕಾದ ವೀಸಾ ಬೇಕು. ಅದಿಲ್ಲದವರನ್ನು ಭಾರತದ ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ.

ಲಸಿಕೆ, ಮಲೇರಿಯಾ

ಆಡಿಸ್ ಅಬಾಬಾ ಇರುವ ಇಥಿಯೋಪಿಯಾ, ನೈರೋಬಿ ಇರುವ ಕೀನ್ಯಾ ಎರಡೂ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿವೆ, ಮರಳಿ ಬರುವವರ ಬಗ್ಗೆ ಭಾರತ ಬಹಳ ಕಟ್ಟುನಿಟ್ಟು: ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸಬಹುದು. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಲಸಿಕೆ ಹಾಕಿಸಿಕೊಳ್ಳಿ. ಖಾಸಗಿ ಕ್ಲಿನಿಕ್‌ನ ಚೀಟಿ ನಡೆಯದು. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿದರೆ ಮಾತ್ರ ಊರ್ಜಿತ, ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಕೇಂದ್ರಗಳಲ್ಲಿ ವಾರಕ್ಕೆ ಕೆಲವೇ ದಿನ ಹಾಕುವುದುಂಟು, ಕೊನೆಯ ವಾರಕ್ಕೆ ಬಿಡಬೇಡಿ. ಅರವತ್ತು ದಾಟಿದವರು, ಮೊಟ್ಟೆ ಒಗ್ಗದವರು ಮೊದಲು ವೈದ್ಯರನ್ನು ಕೇಳಲಿ. ಲಸಿಕೆ ಪ್ರಮಾಣಪತ್ರದ ಹಳದಿ ಪುಸ್ತಕ ಕೈಚೀಲದಲ್ಲಿರಬೇಕು.

ಇಡೀ ಪ್ರದೇಶದಲ್ಲಿ ಮಲೇರಿಯಾ ಇದೆ, ಮಳೆಗಾಲದಲ್ಲಿ ಹೆಚ್ಚು. ಅಟೊವಾಕೋನ್-ಪ್ರೊಗ್ವಾನಿಲ್ ಆದರೆ ಒಂದೆರಡು ದಿನ ಮೊದಲು ಶುರುಮಾಡಿ ಮರಳಿದ ಮೇಲೆ 7 ದಿನ. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ಮರಳಿದ ಮೇಲೆ 4 ವಾರ ನುಂಗಬೇಕು, ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು. ವಿಮೆಯಲ್ಲಿ ಕಾಡಿನಿಂದ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ವೆಚ್ಚ ಸೇರಿದೆಯೇ ಎಂದು ಪಾಲಿಸಿ ತೆರೆದು ಓದಿ.

ಚೀಲ

ಚಿಕ್ಕ ಸೆಸ್ನಾ ವಿಮಾನಗಳ ಮಿತಿ ಕ್ಯಾಮೆರಾ, ಕೈಚೀಲ ಎಲ್ಲ ಸೇರಿ ಕಂಪನಿಗೆ ತಕ್ಕಂತೆ 15 ಅಥವಾ 20 ಕೆಜಿ. ತೂಕಕ್ಕಿಂತಲೂ ಆಕಾರದ ಪ್ರಶ್ನೆ ದೊಡ್ಡದು. ವಿಮಾನದ ಹೊಟ್ಟೆಯಡಿಯ ಗೂಡಿಗೆ ಸುಮಾರು 25×30×62 ಸೆಂಟಿಮೀಟರ್ ಚೀಲ ತೂರಿಸಬೇಕು. ಗಾಲಿ, ಗಟ್ಟಿ ಚೌಕಟ್ಟು ಇದ್ದರೆ ಹಿಡಿಸುವುದೇ ಇಲ್ಲ. ಮೆತ್ತನೆಯ ಬಟ್ಟೆ ಚೀಲ ಕೊಳ್ಳಿ, ದೊಡ್ಡ ಸೂಟ್‌ಕೇಸನ್ನು ಜಲಪಾತದ ಹೋಟೆಲಿನಲ್ಲಿ ಬಿಡಿ. ಶಿಬಿರಗಳಲ್ಲಿ ದಿನವೂ ಬಟ್ಟೆ ಒಗೆದುಕೊಡುತ್ತಾರೆ, ಮೂರು ಜೊತೆ ಸಾಕು. ಹಲವೆಡೆ ಒಳಉಡುಪು ಒಗೆಯುವುದಿಲ್ಲ, ಅದಕ್ಕೆ ಸೋಪಿನ ಪುಡಿ ಕೋಣೆಯಲ್ಲಿಟ್ಟಿರುತ್ತಾರೆ.

ಖಾಕಿ, ಬೂದು, ತಿಳಿಹಸಿರು ಬಣ್ಣ ಒಳ್ಳೆಯದು. ಸೈನಿಕರ ಚಿತ್ತಾರದ ಬಟ್ಟೆ ಮಾತ್ರ ಬೇಡವೇ ಬೇಡ. ಜಿಂಬಾಬ್ವೆಯಲ್ಲಿ ನಾಗರಿಕರು ಅದನ್ನು ತೊಡುವುದು ಕಾನೂನುಬಾಹಿರ. ಜೂನ್-ಜುಲೈಯ ಬೆಳಗ್ಗೆ ತೆರೆದ ಗಾಡಿಯಲ್ಲಿ ಚಳಿ ಕೊರೆಯುತ್ತದೆ, ಟೋಪಿ-ಕೈಗವಸು-ದಪ್ಪ ಜಾಕೆಟ್ ಇರಲಿ. ಡ್ರೋನ್ ಮನೆಯಲ್ಲಿರಲಿ, ಉದ್ಯಾನಗಳಲ್ಲಿ ನಿಷೇಧ.

ಜಲಪಾತದ ದಿನ

ಬಾಗಿಲು ಬೆಳಗ್ಗೆ ಆರಕ್ಕೆ ತೆರೆಯುತ್ತದೆ, ಆಗಲೇ ಹೋಗಿ. ಜಿಂಬಾಬ್ವೆ ಬದಿಯ ಪ್ರವೇಶಕ್ಕೆ 50 ಡಾಲರ್, ಜಾಂಬಿಯಾದಲ್ಲಿ 20 ಡಾಲರ್ ಆಸುಪಾಸು. ಲಿವಿಂಗ್‌ಸ್ಟನ್ ಪ್ರತಿಮೆಯ ಬಳಿಯ ಡೆವಿಲ್ಸ್ ಕ್ಯಾಟರಾಕ್ಟ್‌ನಿಂದ ಶುರುಮಾಡಿ, ಕೊನೆಯ ಡೇಂಜರ್ ಪಾಯಿಂಟ್‌ವರೆಗೆ ನಡೆಯಿರಿ; ಎರಡು ಗಂಟೆ ಬೇಕು. ಬಂಡೆ ಪಾಚಿಗಟ್ಟಿರುತ್ತದೆ, ಅಂಚಿನಲ್ಲಿ ಎಲ್ಲೆಡೆ ಬೇಲಿಯಿಲ್ಲ. ಬಾಗಿಲಲ್ಲಿ ಬಾಡಿಗೆಗೆ ಸಿಗುವ ಮಳೆಯಂಗಿಗಿಂತ ನಿಮ್ಮದೇ ಒಯ್ಯುವುದು ಮೇಲು. ಫೋನನ್ನು ಜಿಪ್ ಚೀಲದಲ್ಲಿ ಹಾಕಿ. ಹುಣ್ಣಿಮೆಯ ಆಚೀಚೆ ರಾತ್ರಿ ಉದ್ಯಾನ ತೆರೆದಿಟ್ಟು ಬೆಳದಿಂಗಳ ಕಾಮನಬಿಲ್ಲು ತೋರಿಸುತ್ತಾರೆ. ಹನಿ ಹೇರಳವಿರುವ ಏಪ್ರಿಲ್‌ನಿಂದ ಜುಲೈವರೆಗೆ ತಾರೀಕು ಹೊಂದಿದರೆ ಬಿಡಬೇಡಿ.

ಹೆಲಿಕಾಪ್ಟರ್‌ನಲ್ಲಿ 12-15 ನಿಮಿಷದ್ದು ಜಲಪಾತವನ್ನಷ್ಟೇ ಸುತ್ತುತ್ತದೆ, 25 ನಿಮಿಷದ್ದು ಕೆಳಗಿನ ಅಂಕುಡೊಂಕು ಕಮರಿಗಳನ್ನೂ ತೋರಿಸುತ್ತದೆ. ಹತ್ತುವ ಮೊದಲು ಎಲ್ಲರನ್ನೂ ತೂಗಿ ಸೀಟು ಹಂಚುತ್ತಾರೆ, ಕಿಟಕಿ ನಮ್ಮ ಕೈಯಲ್ಲಿಲ್ಲ. ಡೆವಿಲ್ಸ್ ಪೂಲ್ ಸಾಮಾನ್ಯವಾಗಿ ಆಗಸ್ಟ್ ಮಧ್ಯದಿಂದ ಜನವರಿವರೆಗೆ, ಅದೂ ನೀರಿನ ಮಟ್ಟ ಒಪ್ಪಿದರೆ. ಪೂಲ್ ತಲುಪಲು ಹರಿಯುವ ನೀರಿನಲ್ಲಿ ಒಂದಿಷ್ಟು ದೂರ ಈಜಬೇಕು. ಈಜು ಬಾರದವರು ಲಿವಿಂಗ್‌ಸ್ಟನ್ ದ್ವೀಪದಲ್ಲಿ ಕೊಡುವ ತಿಂಡಿಗೆ ತೃಪ್ತಿಪಡಲಿ. ಜಿಂಬಾಬ್ವೆಯಲ್ಲಿ ತಂಗಿರುವವರು ದಿನದ ಮೊದಲ ತಂಡಕ್ಕೆ ಬುಕ್ ಮಾಡಬೇಡಿ, ಗಡಿಯಲ್ಲಿ ಒಂದು ಗಂಟೆ ಹೋದರೂ ಹೋಯಿತು.

ಊರಿನಲ್ಲಿ ಕತ್ತಲಾದ ಮೇಲೆ ನಡೆದು ಹೋಗಬೇಡಿ. ಭಯ ಕಳ್ಳರದಷ್ಟೇ ಅಲ್ಲ, ರಸ್ತೆ ದಾಟುವ ಆನೆಗಳದೂ. ಹಗಲಲ್ಲಿ ಬಬೂನ್‌ಗಳು ಕೈಯಲ್ಲಿನ ತಿಂಡಿಗೆ ನೇರವಾಗಿ ಕೈ ಹಾಕುತ್ತವೆ, ಕೋಣೆಯ ಕಿಟಕಿ ಚಿಲಕ ಮರೆತರೆ ಸಕ್ಕರೆ ಪೊಟ್ಟಣದಿಂದ ಶುರು.

ಊಟ, ದುಡ್ಡು

ಸಸ್ಯಾಹಾರಿ ಎಂದಷ್ಟೇ ಬರೆದರೆ ಮೊಟ್ಟೆಯೂ ಮೀನೂ ಬರಬಹುದು. ಮೀನು ಇಲ್ಲ, ಮೊಟ್ಟೆ ಇಲ್ಲ, ಮಾಂಸದ ಸಾರಿನಲ್ಲಿ ಬೇಯಿಸಿದ್ದು ಇಲ್ಲ, ಬೇಕಾದರೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲ ಎಂದು ಬುಕಿಂಗ್ ಹೊತ್ತಿಗೇ ಬಿಡಿಸಿ ಬರೆಯಿರಿ. ಶಿಬಿರಗಳಿಗೆ ದಿನಸಿ ದೂರದಿಂದ ಬರುತ್ತದೆ, ಹಿಂದಿನ ದಿನ ಹೇಳಿದರೆ ಅಡುಗೆಯವರು ಪಾಸ್ತಾ ಬಿಟ್ಟು ಬೇರೇನೂ ಮಾಡಲಾರರು. ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಸೊಪ್ಪಿನ ಪಲ್ಯ ಅಲ್ಲಿನವರ ದಿನನಿತ್ಯದ ಊಟ: ಜಿಂಬಾಬ್ವೆಯಲ್ಲಿ ಸಾಡ್ಜಾ, ಜಾಂಬಿಯಾದಲ್ಲಿ ನ್ಶಿಮಾ. ಅತಿಥಿಗಳ ಮೇಜಿಗೆ ತರುವುದಿಲ್ಲ, ಕೇಳಿದರೆ ಸಂತೋಷದಿಂದ ಮಾಡಿಕೊಡುತ್ತಾರೆ, ಕೈಯಲ್ಲೇ ತಿನ್ನಬೇಕು.

ಜಿಂಬಾಬ್ವೆಯಲ್ಲಿ ಅಮೆರಿಕನ್ ಡಾಲರ್ ಎಲ್ಲೆಡೆ ನಡೆಯುತ್ತದೆ, ಆದರೆ ಚಿಲ್ಲರೆ ಸಿಗುವುದಿಲ್ಲ. 1, 5, 10, 20ರ ಹೊಸ, ಹರಿಯದ, ಗೀಚದ ನೋಟುಗಳನ್ನು ಊರಿನಿಂದಲೇ ಒಯ್ಯಿರಿ. ಹಳೆಯ ವಿನ್ಯಾಸದ ನೋಟು ಮುಟ್ಟುವುದಿಲ್ಲ. ಗೈಡ್‌ಗೆ ಒಬ್ಬ ಅತಿಥಿಗೆ ದಿನಕ್ಕೆ 10ರಿಂದ 20 ಡಾಲರ್, ಉಳಿದ ಸಿಬ್ಬಂದಿಯ ಡಬ್ಬಿಗೆ 5ರಿಂದ 10 ಡಾಲರ್ ರೂಢಿ; ಹೊರಡುವ ದಿನ ಕೊಡಿ. ಬೀದಿಯಲ್ಲಿ ಮಾರುವ ನೂರು ಟ್ರಿಲಿಯನ್ ಜಿಂಬಾಬ್ವೆ ಡಾಲರ್ ನೋಟು ನೆನಪಿಗೆ ಚೆನ್ನ, ಚೌಕಾಸಿ ಮಾಡಿ ಕೊಳ್ಳಿ. ದಂತದ ವಸ್ತು ಮಾತ್ರ ಎಷ್ಟೇ ಚಿಕ್ಕದಿರಲಿ ಮುಟ್ಟಬೇಡಿ, ಭಾರತದ ಕಸ್ಟಮ್ಸ್‌ನಲ್ಲಿ ಸಿಕ್ಕಿದರೆ ಕೇಸು.

ಬುಕಿಂಗ್

ಜುಲೈನಿಂದ ಅಕ್ಟೋಬರ್‌ಗೆ ಹೋಗುವುದಾದರೆ ಹತ್ತರಿಂದ ಹನ್ನೆರಡು ತಿಂಗಳು ಮೊದಲೇ ಕಾಡಿನ ಶಿಬಿರ ಹಿಡಿಯಬೇಕು, ಹತ್ತಾರು ಹಾಸಿಗೆಯಷ್ಟೇ ಇರುವ ಜಾಗಗಳವು. ಮೊದಲು ಶಿಬಿರ, ಆಮೇಲೆ ಚಿಕ್ಕ ವಿಮಾನ, ಕೊನೆಗೆ ಜಲಪಾತದ ಹೋಟೆಲ್ ಮತ್ತು ಅಂತರರಾಷ್ಟ್ರೀಯ ಟಿಕೆಟ್. ಮುಂಗಡ ಸಾಮಾನ್ಯವಾಗಿ ಶೇಕಡಾ 20-30, ಉಳಿದದ್ದು ಎರಡು ತಿಂಗಳು ಮುಂಚೆ. ಅಲ್ಲಿಂದಾಚೆಗೆ ರದ್ದುಮಾಡಿದರೆ ಬಹುಪಾಲು ದುಡ್ಡು ಹೋದಂತೆ. ಆದ್ದರಿಂದ ಪ್ರವಾಸ ರದ್ದತಿಯ ವಿಮೆಯನ್ನು ಮುಂಗಡ ಕಟ್ಟಿದ ವಾರವೇ ಮಾಡಿಸಿ. ಭಾರತದ ಏಜೆಂಟ್ ಮೂಲಕ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮಾರುವವರೇ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಮೇಲಿಂದ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಕಟ್ಟುವ ದಿನ ಕೈಯಲ್ಲಿ ಅಷ್ಟು ಹೆಚ್ಚಿಗೆ ಹಣ ಇರಬೇಕು. ಪಾನ್ ಸಂಖ್ಯೆ ನಮೂದಾದ ರಸೀತಿಯನ್ನು ಏಜೆಂಟ್‌ನಿಂದ ಮರೆಯದೆ ಪಡೆಯಿರಿ.